ಬೇರಿಂಗ್ ಉಕ್ಕಿನ ಚಾಕು ಬಾಯಿ ಉದುರುವುದೇಕೆ? ಸಣ್ಣ ಕುಲುಮೆಯಲ್ಲಿ ಅದನ್ನು ಹದ ಮಾಡುವ ಬಗೆ

ಪ್ರಶ್ನೆ: ನಮ್ಮದು ಸಣ್ಣ ವೆಲ್ಡಿಂಗ್ ಶೆಡ್. ಗುಜರಿಯಲ್ಲಿ ಸಿಕ್ಕ ಹಳೆಯ ಬೇರಿಂಗಿನ ಹೊರ ರಿಂಗನ್ನು ಕತ್ತರಿಸಿ, ಇದ್ದಿಲು ಕುಲುಮೆಯಲ್ಲಿ ಕಾಯಿಸಿ ಬಡಿದು ಎರಡು ಅಡುಗೆ ಚಾಕು ಮಾಡಿದೆ. ಮೆತ್ತಗಾಗಲೆಂದು ಹಳದಿ ಬಣ್ಣ ಬರುವವರೆಗೆ ಕಾಯಿಸಿ ರಾತ್ರಿಯಿಡೀ ಬೂದಿಯಲ್ಲಿ ಹೂತಿಟ್ಟರೂ ಡ್ರಿಲ್ ಸರಿಯಾಗಿ ಇಳಿಯಲಿಲ್ಲ. ಮೊದಲನೆಯ ಚಾಕುವನ್ನು ಕಿತ್ತಳೆ ಬಣ್ಣಕ್ಕೆ ಕಾಯಿಸಿ ನೀರಿಗೆ ಅದ್ದಿದಾಗ ಟಿಣ್ ಎಂದು ಸೀಳಿತು. ಎರಡನೆಯದನ್ನು ಹಳೆಯ ಎಂಜಿನ್ ಆಯಿಲ್‌ಗೆ ಅದ್ದಿ, ಆಮೇಲೆ ಗ್ಯಾಸ್ ಒಲೆಯ ಮೇಲೆ ನೀಲಿ ಬಣ್ಣ ಬರುವವರೆಗೆ ಕಾಯಿಸಿದೆ. ಅದು ಸೀಳಲಿಲ್ಲ, ಆದರೆ ಸಾಣೆ ಹಿಡಿದ ಮೇಲೆ ಬಾಯಿ ಉದುರುತ್ತಿದೆ. ಸೀಳಿದ ಜಾಗದಲ್ಲಿ ಸಕ್ಕರೆಯಂತೆ ಹೊಳೆಯುವ ಹರಳುಗಳು ಕಾಣುತ್ತವೆ. ನನ್ನಲ್ಲಿರುವುದು ಕುಲುಮೆ, ಬ್ಲೋವರ್, ಅಯಸ್ಕಾಂತ ಮತ್ತು ಮನೆಯ ಓಟಿಜಿ (ವಿದ್ಯುತ್ ಒವನ್) ಇಷ್ಟೇ. ಇಷ್ಟರಲ್ಲಿ ಸರಿಯಾಗಿ ಹದ ಮಾಡಲು ಸಾಧ್ಯವೇ?

ಉತ್ತರ: ಸಾಧ್ಯವಿದೆ. ನಿಮ್ಮಲ್ಲಿರುವ ಸಾಮಗ್ರಿಯ ಜೊತೆಗೆ ಒಂದು ತುಂಡು ಕಪ್ಪು ಎಂ.ಎಸ್. (ಸಾದಾ ಮೆದು ಉಕ್ಕಿನ) ಪೈಪು, ಒಂದು ಚಿಟಿಕೆ ಅಡುಗೆ ಉಪ್ಪು ಮತ್ತು ಕೈಗೆಟುಕಿದರೆ ಕೆ ಟೈಪ್ ಥರ್ಮೋಕಪಲ್ (ಹೆಚ್ಚಿನ ಶಾಖ ಅಳೆಯುವ ತಂತಿ) ಇರುವ ಒಂದು ಮೀಟರು ಸೇರಿದರೆ, ಮನೆಯಲ್ಲಿ ವರ್ಷಗಟ್ಟಲೆ ಬಾಳುವ ಚಾಕುವನ್ನು ನೀವೇ ಮಾಡಬಹುದು. ನಿಮ್ಮ ವಿವರಣೆಯಲ್ಲಿ ಎಲ್ಲರ ಗಮನ ಸೆಳೆಯುವುದು ನೀರು ಮತ್ತು ಎಂಜಿನ್ ಆಯಿಲ್. ಅವೆರಡೂ ತಪ್ಪೇ ಹೌದು, ಆದರೆ ಆ ಎರಡು ಚಾಕುಗಳು ಅದ್ದುವ ಹೊತ್ತಿಗಾಗಲೇ ಕೆಟ್ಟಿದ್ದವು. ಸಕ್ಕರೆಯಂತೆ ಹೊಳೆಯುವ ಹರಳು ಮತ್ತು ಇಳಿಯದ ಡ್ರಿಲ್, ಇವೆರಡೂ ಹಳದಿ ಬಣ್ಣಕ್ಕೆ ಕಾಯಿಸಿ ಬೂದಿಯಲ್ಲಿ ಹೂತಿಟ್ಟ ಆ ರಾತ್ರಿಯ ಫಲ. ಆದ್ದರಿಂದ ಈ ಉತ್ತರದಲ್ಲಿ ಅದ್ದುವುದಕ್ಕಿಂತ ಅದ್ದುವ ಮುಂಚಿನ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಉಕ್ಕಿನ ಪರಿಚಯ. ಸಾಮಾನ್ಯ ಬೇರಿಂಗುಗಳಿಗೆ 20ನೇ ಶತಮಾನದ ಆರಂಭದಿಂದಲೂ ಬಳಕೆಯಲ್ಲಿರುವ ಉಕ್ಕಿನಲ್ಲಿ ಸುಮಾರು ಶೇ. 1ರಷ್ಟು ಇಂಗಾಲ, ಸುಮಾರು ಶೇ. 1.5ರಷ್ಟು ಕ್ರೋಮಿಯಂ, ಜೊತೆಗೆ ಅಲ್ಪ ಪ್ರಮಾಣದಲ್ಲಿ ಮ್ಯಾಂಗನೀಸ್ ಮತ್ತು ಸಿಲಿಕಾನ್ ಇರುತ್ತವೆ. ಅಮೆರಿಕದವರು ಇದನ್ನು 52100 ಎಂದೂ, ಜರ್ಮನರು 100ಸಿಆರ್6 ಎಂದೂ, ಜಪಾನಿನವರು ಎಸ್‌ಯುಜೆ2 ಎಂದೂ ಕರೆಯುತ್ತಾರೆ. ನಮ್ಮ ಉಕ್ಕಿನ ಅಂಗಡಿಗಳಲ್ಲಿ ಹಳೆಯ ಬ್ರಿಟಿಷ್ ಹೆಸರೇ ಉಳಿದುಕೊಂಡಿರುವುದರಿಂದ ಇಎನ್ 31 ಎಂದು ಕೇಳಿದರೆ ಇದೇ ಜಾತಿಯ ಉಕ್ಕು ಸಿಗುತ್ತದೆ. ಕ್ರೋಮಿಯಂ ಇದೆ ಎಂದ ಮಾತ್ರಕ್ಕೆ ಇದು ಸ್ಟೇನ್‌ಲೆಸ್ ಅಲ್ಲ. ತುಕ್ಕು ತಡೆಯಲು ಕನಿಷ್ಠ ಶೇ. 10.5ರಷ್ಟಾದರೂ ಕ್ರೋಮಿಯಂ ಬೇಕು. ನಿಂಬೆಹಣ್ಣು, ಮಾವಿನಕಾಯಿ ಹೆಚ್ಚಿದ ಮೇಲೆ ತೊಳೆದು ಒರೆಸಿಡದಿದ್ದರೆ ಈ ಚಾಕು ಕಪ್ಪಾಗುತ್ತದೆ, ಹಾಗೇ ಬಿಟ್ಟರೆ ತುಕ್ಕು ಹಿಡಿಯುತ್ತದೆ.

ಆದರೆ ಗುಜರಿಯಲ್ಲಿ ಸಿಗುವ ಪ್ರತಿಯೊಂದು ಬೇರಿಂಗೂ ಈ ಉಕ್ಕಿನದಾಗಿರುವುದಿಲ್ಲ ಎಂಬುದನ್ನು ಮರೆಯಬೇಡಿ. ಭಾರಿ ವಾಹನಗಳ ದೊಡ್ಡ ಟೇಪರ್ ರೋಲರ್ ಬೇರಿಂಗುಗಳಲ್ಲಿ ಹಲವನ್ನು ಕಡಿಮೆ ಇಂಗಾಲದ ಉಕ್ಕಿನಿಂದ ಮಾಡಿ, ಮೇಲ್ಮೈಗೆ ಮಾತ್ರ ಇಂಗಾಲ ಉಣಿಸಿ ಗಡಸು ಮಾಡಿರುತ್ತಾರೆ. ಅಂಥದ್ದರ ಒಳತಿರುಳು ಎಂದಿಗೂ ಚಾಕುವಿನ ಗಡಸಿಗೆ ಬರುವುದಿಲ್ಲ. ಕೆಲವು ವೀಲ್ ಹಬ್ ಬೇರಿಂಗುಗಳಲ್ಲಿ ಮಧ್ಯಮ ಇಂಗಾಲದ ಉಕ್ಕು ಇದ್ದರೆ, ತುಕ್ಕು ಹಿಡಿಯದ ಬೇರಿಂಗುಗಳ ಉಕ್ಕಿನ ಹದವೇ ಬೇರೆ. ಪರೀಕ್ಷೆ ಕಷ್ಟವಲ್ಲ. ರಿಂಗನ್ನು ಆಂಗಲ್ ಗ್ರೈಂಡರಿನಿಂದ ಅಡ್ಡಲಾಗಿ ಕತ್ತರಿಸಿ, ಕತ್ತರಿಸಿದ ಮುಖದ ಅಂಚನ್ನೂ ನಡುಭಾಗವನ್ನೂ ಬೇರೆಬೇರೆಯಾಗಿ ಸಾಣೆಕಲ್ಲಿಗೆ ಒತ್ತಿ ನೋಡಿ. ಎರಡೂ ಕಡೆ ಕಿಡಿಗಳು ಒಂದೇ ರೀತಿ ದಟ್ಟವಾಗಿ ಕವಲೊಡೆದು ಸಿಡಿದರೆ ಇಂಗಾಲ ತಿರುಳಿನವರೆಗೂ ಇದೆ ಎಂದರ್ಥ. ನಡುವಿನ ಕಿಡಿ ಉದ್ದುದ್ದ ಗೆರೆಯಾಗಿ ಹೋಗಿ ಕಡಿಮೆ ಕವಲೊಡೆದರೆ ಆ ರಿಂಗನ್ನು ಬದಿಗಿಡಿ. ಇನ್ನೂ ಖಚಿತವಾಗಬೇಕಿದ್ದರೆ ತೆಳುವಾದ ಒಂದು ಚೂರನ್ನು ಕಾಯಿಸಿ ಎಣ್ಣೆಗೆ ಅದ್ದಿ, ವೈಸ್‌ಗೆ ಕಚ್ಚಿಸಿ, ಬಟ್ಟೆ ಸುತ್ತಿ ಮುರಿಯಿರಿ. ಬೇರಿಂಗ್ ಉಕ್ಕು ಬಾಗದೆ ಮುರಿಯುತ್ತದೆ. ಮೇಲ್ಮೈ ಮಾತ್ರ ಗಡಸಾದದ್ದು ಬಾಗುತ್ತದೆ, ಇಲ್ಲವೇ ಮುರಿದ ಮುಖದಲ್ಲಿ ಎರಡು ಪದರ ತೋರಿಸುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಬೇರಿಂಗ್ ರಿಂಗನ್ನು ಕಾಯಿಸದೆ ಸುತ್ತಿಗೆಯಿಂದ ಒಡೆಯಬಾರದು. ಅದರ ಗಡಸುತನ ರಾಕ್‌ವೆಲ್ ಸಿ ಮಾಪನದಲ್ಲಿ 60ರ ಆಸುಪಾಸು ಇರುವುದರಿಂದ ಸಿಡಿದ ಚೂರು ಕಣ್ಣನ್ನೇ ತೆಗೆಯಬಲ್ಲದು. ಹಾಗೆಯೇ ಗ್ರೀಸು ತುಂಬಿ ಮುಚ್ಚಿದ ಇಡೀ ಬೇರಿಂಗನ್ನು ಬೆಂಕಿಗೆ ಹಾಕಬಾರದು. ಬಿಚ್ಚಿ, ತೊಳೆದು, ರಿಂಗನ್ನು ಮಾತ್ರ ಕಾಯಿಸಬೇಕು. ನನ್ನ ಸ್ವಂತ ಅಭಿಪ್ರಾಯ ಕೇಳುವುದಾದರೆ, ಮೊದಲ ಕೆಲವು ಚಾಕುಗಳಿಗೆ ಗುಜರಿ ಬಿಟ್ಟು ಹೊಸ ಇಎನ್ 31 ಕೊಳ್ಳುವುದೇ ಲೇಸು. ಕೆಟ್ಟು ಬಿಸಾಡಿದ ಬೇರಿಂಗಿನಲ್ಲಿ ಗುಂಡುಗಳು ಉರುಳುವ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಇರುವುದುಂಟು, ಮತ್ತು ತಪ್ಪು ಉಕ್ಕಿನದೋ ಹದದ್ದೋ ಎಂಬ ಗೊಂದಲದಲ್ಲಿ ಕಲಿಕೆ ಮುಂದೆ ಸಾಗುವುದಿಲ್ಲ.

ಈಗ ಬೂದಿಯ ವಿಷಯಕ್ಕೆ ಬರೋಣ. ಊರಿನ ಕಮ್ಮಾರಸಾಲೆಯಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಚ್ಚು ಮಾಡುವವರು ಕಾದ ಕಬ್ಬಿಣವನ್ನು ಬೂದಿಯಲ್ಲಿ ಹೂತು ಮೆದು ಮಾಡುವುದನ್ನು ನೀವು ನೋಡಿರುತ್ತೀರಿ. ಪಟ್ಟಿಯ ಉಕ್ಕಿನಲ್ಲಿ ಇಂಗಾಲ ಶೇ. 0.5ರಿಂದ 0.6ರಷ್ಟು ಮಾತ್ರ ಇರುವುದರಿಂದ ಅಲ್ಲಿ ಆ ಉಪಾಯ ಫಲಿಸುತ್ತದೆ. ಬೇರಿಂಗ್ ಉಕ್ಕಿನಲ್ಲಿ ಅದರ ಸುಮಾರು ಎರಡರಷ್ಟು ಇಂಗಾಲವಿದೆ. ಹಳದಿ ಬಣ್ಣದ ಶಾಖದಲ್ಲಿ, ಎಂದರೆ 1,000 ಡಿಗ್ರಿ ಸೆಲ್ಸಿಯಸ್ ದಾಟಿದಾಗ, ಅದರಲ್ಲಿರುವ ಕಾರ್ಬೈಡ್ (ಇಂಗಾಲ ಮತ್ತು ಲೋಹ ಕೂಡಿದ ಗಟ್ಟಿ ವಸ್ತು) ಕಣಗಳು ಬಹುತೇಕ ಕರಗಿ ಇಂಗಾಲವೆಲ್ಲ ಉಕ್ಕಿನೊಳಗೆ ಹರಡಿಕೊಳ್ಳುತ್ತದೆ, ಮತ್ತು ಉಕ್ಕಿನ ಹರಳುಗಳನ್ನು ತಡೆಹಿಡಿಯಲು ಕಾರ್ಬೈಡ್ ಇಲ್ಲವಾದ್ದರಿಂದ ಅವು ಬೇಗ ಬೇಗ ದೊಡ್ಡದಾಗುತ್ತವೆ. ಅಲ್ಲಿಂದ ನಿಧಾನವಾಗಿ ತಣಿಸಿದಾಗ ಉಕ್ಕು ತನ್ನಲ್ಲಿ ಹಿಡಿದಿಟ್ಟುಕೊಳ್ಳಲಾರದ ಹೆಚ್ಚುವರಿ ಇಂಗಾಲ ಹೊರಬಂದು, ಆ ದೊಡ್ಡ ಹರಳುಗಳ ಅಂಚುಗುಂಟ ಗಟ್ಟಿಯಾದ ಕಾರ್ಬೈಡಿನ ಬಲೆಯಾಗಿ ಕೂರುತ್ತದೆ. ನಿಮ್ಮ ಡ್ರಿಲ್ ಜಾರಿದ್ದಕ್ಕೆ ಆ ಬಲೆಯೂ ಒಂದು ಕಾರಣವಾಗಿರಬಹುದು. ಅಂಥ ಉಕ್ಕನ್ನು ಎಷ್ಟೇ ಒಳ್ಳೆಯ ಎಣ್ಣೆಯಲ್ಲಿ ಅದ್ದಿದರೂ ಬಲೆ ಹಾಗೆಯೇ ಉಳಿದು, ಪೆಟ್ಟು ಬಿದ್ದಾಗ ಬಿರುಕು ಅದರ ಗುಂಟವೇ ಓಡುತ್ತದೆ.

ಸಮಾಧಾನದ ಸಂಗತಿಯೆಂದರೆ ಇದನ್ನು ಸರಿಪಡಿಸಬಹುದು. ಸೀಳದೆ ಉಳಿದಿರುವ ನಿಮ್ಮ ಎರಡನೆಯ ಚಾಕುವನ್ನೂ ಇದೇ ದಾರಿಯಲ್ಲಿ ಮತ್ತೆ ಹದಕ್ಕೆ ತರಲು ಪ್ರಯತ್ನಿಸಬಹುದು. ಸೀಳಿದ್ದನ್ನು ಮಾತ್ರ ಚಿಕ್ಕ ತುಂಡುಗಳಾಗಿ ಕತ್ತರಿಸಿ ಪರೀಕ್ಷೆಗೆ ಇಟ್ಟುಕೊಳ್ಳಿ. ಮೊದಲ ಹಂತ ನಾರ್ಮಲೈಸಿಂಗ್, ಎಂದರೆ ಕಾಯಿಸಿ ಗಾಳಿಯಲ್ಲಿ ಆರಿಸಿ ಹರಳುಗಳನ್ನು ಸರಿಪಡಿಸುವುದು. ಅಲಗನ್ನು ಸುಮಾರು 900 ಡಿಗ್ರಿಗೆ, ಎಂದರೆ ಸ್ಪಷ್ಟವಾದ ಕಿತ್ತಳೆ ಬಣ್ಣಕ್ಕೆ ಸಮನಾಗಿ ಕಾಯಿಸಿ, ಹತ್ತು ನಿಮಿಷ ಅದೇ ಶಾಖದಲ್ಲಿ ಇಟ್ಟು, ಗಾಳಿ ಬೀಸದ ಜಾಗದಲ್ಲಿ ತಂತಿಗೆ ತೂಗುಹಾಕಿ ಆರಲು ಬಿಡಿ. ಇದರಿಂದ ಬಲೆ ಕರಗುತ್ತದೆ, ಮತ್ತು ಗಾಳಿಯಲ್ಲಿ ಆರುವ ವೇಗಕ್ಕೆ ಅದು ಮತ್ತೆ ಕಟ್ಟಿಕೊಳ್ಳಲು ಹೆಚ್ಚು ಸಮಯ ಸಿಗುವುದಿಲ್ಲ. ಅಲಗು ಪೂರ್ತಿ ಕಪ್ಪಾಗಿ ಅಯಸ್ಕಾಂತಕ್ಕೆ ಅಂಟಿದ ಮೇಲೆ ಎರಡನೆಯ ಸಲ ಸುಮಾರು 815 ಡಿಗ್ರಿಗೆ, ಮೂರನೆಯ ಸಲ ಅಯಸ್ಕಾಂತ ಬಿಟ್ಟುಕೊಟ್ಟ ಕೂಡಲೇ ನಿಲ್ಲುವಷ್ಟಕ್ಕೆ ಕಾಯಿಸಿ, ಪ್ರತಿ ಸಲವೂ ಗಾಳಿಯಲ್ಲೇ ಆರಿಸಬೇಕು. ಉಕ್ಕು ತನ್ನ ಒಳರಚನೆ ಬದಲಾಗುವ ಶಾಖವನ್ನು, ಎಂದರೆ ರೂಪಾಂತರದ ಶಾಖವನ್ನು, ದಾಟುವ ಪ್ರತಿ ಸಲವೂ ಹರಳುಗಳು ಹೊಸದಾಗಿ, ಚಿಕ್ಕದಾಗಿ ಹುಟ್ಟುತ್ತವೆ.

ಗಾಳಿಯಲ್ಲಿ ಆರಿದ ತೆಳು ಅಲಗು ಸ್ವಲ್ಪ ಗಡಸಾಗಿಯೇ ಇರುತ್ತದೆ. ಕ್ರೋಮಿಯಂ ಇರುವ ಉಕ್ಕಿಗೆ ಇದು ಸಹಜ. ತೂತು ಕೊರೆಯುವುದಕ್ಕೆ ಮೆದು ಬೇಕೆಂದರೆ ಮತ್ತೆ ಬೂದಿಗೆ ಹೋಗಬೇಡಿ. ಅಲಗನ್ನು 680ರಿಂದ 700 ಡಿಗ್ರಿಯಲ್ಲಿ, ಮಬ್ಬುಗೆಂಪಾಗಿದ್ದು ಅಯಸ್ಕಾಂತ ಇನ್ನೂ ಹಿಡಿಯುವ ಹಂತದಲ್ಲಿ, ಸಾಧ್ಯವಾದಷ್ಟು ಹೊತ್ತು, ಒಂದು ಗಂಟೆಯಾದರೆ ಒಳ್ಳೆಯದು, ಇಟ್ಟು ಆರಿಸಿ. ಇಲ್ಲಿ ಮೆದುವಾಗಿಸುವುದು ಆ ಶಾಖದಲ್ಲಿ ಕಳೆದ ಸಮಯವೇ ಹೊರತು ತಣಿಸುವ ನಿಧಾನವಲ್ಲ. ಇಷ್ಟು ಹೊತ್ತು ಇದ್ದಿಲು ಉರಿಯನ್ನು ಹಿಡಿದಿಡಲು ಆಗದಿದ್ದರೆ ಕಾಲು ಗಂಟೆಯಂತೆ ಎರಡು ಮೂರು ಸಲ ಮಾಡಿ, ಕೋಬಾಲ್ಟ್ ಡ್ರಿಲ್ ಬಿಟ್ ಬಳಸಿದರೆ ಕೆಲಸ ಸಾಗುತ್ತದೆ.

ರೂಪ ಕೊಡುವಾಗ ಬಾಯಿಯನ್ನು ಪೂರ್ತಿ ತೆಳು ಮಾಡದೆ ಅರ್ಧದಿಂದ ಮುಕ್ಕಾಲು ಮಿಲಿಮೀಟರ್ ದಪ್ಪ ಉಳಿಸಿ. ಬೆಂಕಿಯಲ್ಲಿ ಮೇಲ್ಪದರದ ಇಂಗಾಲ ಸುಟ್ಟುಹೋಗುವುದರಿಂದ ಆ ಪದರವನ್ನು ಆಮೇಲೆ ಉಜ್ಜಿ ತೆಗೆಯಲು ಜಾಗ ಬೇಕು. ಅಲ್ಲದೆ ತೀರ ತೆಳುವಾದ ಬಾಯಿ ಅದ್ದುವಾಗ ಅಲೆಯಲೆಯಾಗಿ ಸೊಟ್ಟಗಾಗುತ್ತದೆ. ಹಿಡಿಯೊಳಗೆ ಹೋಗುವ ಬಾಲ ಅಲಗನ್ನು ಸೇರುವ ಮೂಲೆಯನ್ನು ಚೂಪಾಗಿ ಬಿಡದೆ ದುಂಡು ಅರದಿಂದ ದುಂಡಗೆ ಮಾಡಿ. ಗ್ರೈಂಡರಿನ ಅಡ್ಡಗೆರೆಗಳನ್ನು ಉದ್ದುದ್ದಕ್ಕೆ ಉಜ್ಜಿ ಅಳಿಸಿ. ಬಿರುಕು ಹುಟ್ಟುವುದು ಹೆಚ್ಚಾಗಿ ಇಂಥ ಕಡೆಗಳಲ್ಲೇ.

ಇನ್ನು ಮುಖ್ಯವಾದ ಶಾಖ. ಗಡಸು ಮಾಡಲು ಈ ಉಕ್ಕನ್ನು 815ರಿಂದ 840 ಡಿಗ್ರಿಯ ನಡುವೆ ಕಾಯಿಸಿ ಸುಮಾರು ಹತ್ತು ನಿಮಿಷ ಹಿಡಿದಿಡಬೇಕು. ಇಲ್ಲಿ ನಾವು ಮಾಡುತ್ತಿರುವುದು ಏನೆಂದರೆ, ಒಟ್ಟು ಶೇ. 1ರಷ್ಟಿರುವ ಇಂಗಾಲದಲ್ಲಿ ಸುಮಾರು ಶೇ. 0.6ರಷ್ಟನ್ನು ಕರಗಿಸಿ, ಉಳಿದದ್ದನ್ನು ಸಣ್ಣ ಕಾರ್ಬೈಡ್ ಕಣಗಳಾಗಿಯೇ ಬಿಡುವುದು. ಕರಗಿದ ಇಂಗಾಲ ಗಡಸುತನ ಕೊಡುತ್ತದೆ, ಕರಗದ ಕಣಗಳು ಬಾಯಿ ಬೇಗ ಸವೆಯದಂತೆ ನೋಡಿಕೊಳ್ಳುವುದರ ಜೊತೆಗೆ ಹರಳುಗಳು ಬೆಳೆಯದಂತೆ ತಡೆಯುತ್ತವೆ. ಶಾಖ ಕಡಿಮೆಯಾದರೆ ಚಾಕು ಮೆತ್ತಗೆ ಉಳಿಯುತ್ತದೆ. ಹೆಚ್ಚಾದರೆ ಬೇಕಾದ್ದಕ್ಕಿಂತ ಹೆಚ್ಚು ಇಂಗಾಲ ಕರಗಿ, ಅದ್ದಿದ ಮೇಲೆ ಹುಟ್ಟುವ ಮಾರ್ಟೆನ್‌ಸೈಟ್ ಎಂಬ ಗಡಸು ರಚನೆ ಒರಟಾಗಿ ಪೆಡಸಾಗುತ್ತದೆ, ಮತ್ತು ಉಕ್ಕಿನ ಒಂದು ಭಾಗ ಗಡಸಾಗಲು ನಿರಾಕರಿಸಿ, ಕಾದಾಗಿನ ಮೆದು ರಚನೆಯಾದ ಆಸ್ಟೆನೈಟ್ ಆಗಿಯೇ ಉಳಿದುಬಿಡುತ್ತದೆ. ಹೆಚ್ಚು ಕಾಯಿಸಿದರೆ ಹೆಚ್ಚು ಗಡಸು ಎಂಬ ನಂಬಿಕೆ ಈ ಉಕ್ಕಿಗೆ ಸ್ವಲ್ಪವೂ ಸಲ್ಲುವುದಿಲ್ಲ.

ಇದ್ದಿಲಿನ ಉರಿಯಲ್ಲಿ ಗಾಳಿ ಊದುವ ಬಾಯಿಯ ಎದುರಿಗೂ ಅದರಿಂದ ನಾಲ್ಕು ಬೆರಳು ಆಚೆಗೂ ನೂರಾರು ಡಿಗ್ರಿ ವ್ಯತ್ಯಾಸ ಇರುತ್ತದೆ. ಅಲಗನ್ನು ನೇರವಾಗಿ ಕೆಂಡದಲ್ಲಿಟ್ಟರೆ ಮೊನೆ ಬಿಳಿಚುವ ಹೊತ್ತಿಗೆ ಹಿಡಿಯ ಬಳಿ ಇನ್ನೂ ಕಪ್ಪಾಗಿರುತ್ತದೆ. ಪೈಪು ಬೇಕಾಗುವುದು ಇದಕ್ಕೇ. ಎರಡೂವರೆ ಮೂರು ಇಂಚು ವ್ಯಾಸದ, ದಪ್ಪ ಗೋಡೆಯ ಎಂ.ಎಸ್. ಪೈಪಿನ ಒಂದು ತುದಿಗೆ ತಗಡು ಬೆಸೆದು ಮುಚ್ಚಿ, ಕೆಂಡದ ನಡುವೆ ಮಲಗಿಸಿ, ಸುತ್ತಲೂ ಮೇಲೂ ಇದ್ದಿಲು ಪೇರಿಸಿ. ಗ್ಯಾಲ್ವನೈಸ್ ಮಾಡಿದ ಜಿಐ ಪೈಪನ್ನು ಮಾತ್ರ ಬಳಸಬೇಡಿ, ಅದರ ಸತುವಿನ ಹೊಗೆ ವಿಷಕಾರಿ. ಪೈಪಿನ ಒಳಗೆ ಒಂದೆರಡು ಇದ್ದಿಲು ಚೂರು ಹಾಕಿದರೆ ಅವು ಒಳಗಿನ ಆಮ್ಲಜನಕವನ್ನು ತಿಂದು ಅಲಗಿನ ಮೇಲೆ ಕಿಟ್ಟ ಕಟ್ಟುವುದನ್ನು ಕಡಿಮೆ ಮಾಡುತ್ತವೆ. ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಹೊರಡುವುದರಿಂದ ಈ ಕೆಲಸವನ್ನು ಗಾಳಿಯಾಡುವ ತೆರೆದ ಜಾಗದಲ್ಲೇ ಮಾಡಬೇಕು. ಬ್ಲೋವರನ್ನು ಕಡಿಮೆ ವೇಗದಲ್ಲಿಟ್ಟು ಪೈಪಿನ ಒಳಗೋಡೆ ಉದ್ದಕ್ಕೂ ಒಂದೇ ಬಣ್ಣಕ್ಕೆ ಬರುವವರೆಗೆ ಕಾದು, ಆಮೇಲೆ ಅಲಗನ್ನು ಒಳಗಿಡಿ. ಪೈಪು ಸಮನಾಗಿ ಕಾದಿದ್ದರೆ ಅಲಗು ಅದರ ಶಾಖವನ್ನು ಮೀರಿ ಹೋಗಲಾರದು.

ಥರ್ಮೋಕಪಲ್ ಇದ್ದರೆ ಅದರ ತುದಿ ಅಲಗಿನ ಪಕ್ಕದಲ್ಲಿ, ಪೈಪಿನ ಒಳಗೆ ಇರಲಿ. ಇಲ್ಲದಿದ್ದರೆ ಅಯಸ್ಕಾಂತ ಮತ್ತು ಉಪ್ಪು ಎರಡನ್ನೂ ಬಳಸಬೇಕು. ಅಯಸ್ಕಾಂತ ಬಿಟ್ಟುಕೊಡುವುದು ಸುಮಾರು 740ರಿಂದ 770 ಡಿಗ್ರಿಯ ನಡುವೆ. ಆದ್ದರಿಂದ ಅದು ನಿಮಗೆ ಬೇಕಾದ ಶಾಖವಲ್ಲ, ಅದರ ಹೊಸ್ತಿಲು ಅಷ್ಟೇ. ಅಯಸ್ಕಾಂತದ ಪರೀಕ್ಷೆಯನ್ನು ಶಾಖ ಏರುವಾಗಲೇ ಮಾಡಬೇಕು ಎಂಬುದೂ ನೆನಪಿರಲಿ. ಇಳಿಯುವಾಗ ಉಕ್ಕು ಇನ್ನೂ ಕೆಳಗಿನ ಶಾಖಕ್ಕೆ ಬರುವವರೆಗೂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಡುಗೆ ಉಪ್ಪು ಕರಗುವುದು 801 ಡಿಗ್ರಿಯಲ್ಲಿ, ಮತ್ತು ಹತ್ತು ರೂಪಾಯಿಯ ಖರ್ಚಿಲ್ಲದೆ ಇಷ್ಟು ನಿಖರವಾದ ಗುರುತು ಬೇರೆ ಇಲ್ಲ. ಬಾಣಲೆಯಲ್ಲಿ ಹುರಿದು ತೇವ ಕಳೆದ ಉಪ್ಪಿನ ಪುಡಿಯನ್ನು ಒಂದು ಸಣ್ಣ ಕಬ್ಬಿಣದ ಪಟ್ಟಿಯ ಮೇಲೆ ಚಿಟಿಕೆಯಷ್ಟಿಟ್ಟು ಅಲಗಿನ ಪಕ್ಕಕ್ಕೆ ಸರಿಸಿ. ಒದ್ದೆ ಉಪ್ಪು ಸಿಡಿಯುತ್ತದೆ, ಆದ್ದರಿಂದ ಹುರಿಯುವುದನ್ನು ಬಿಡಬೇಡಿ. ಅಲಗಿನ ಮೇಲೆಯೇ ಉಪ್ಪು ಹಾಕಬೇಡಿ, ಅದು ಉಕ್ಕನ್ನು ಕೊರೆಯುತ್ತದೆ. ಉಪ್ಪು ಬಿಳಿಯ ಪುಡಿಯಾಗಿಯೇ ಕುಳಿತಿದ್ದರೆ ಇನ್ನೂ ಸಾಲದು. ಹರಳುಗಳು ಒದ್ದೆಯಾದಂತೆ ಕಂಡು, ಒಂದಕ್ಕೊಂದು ಕೂಡಿ, ಪಾರದರ್ಶಕ ಹನಿಯಾಗಿ ಹರಿದರೆ 801 ದಾಟಿದಿರಿ. ಅಲ್ಲಿಂದ ಬಣ್ಣ ಒಂದೇ ಒಂದು ಮೆಟ್ಟಿಲು ಬೆಳಗಾದರೆ ನಿಮಗೆ ಬೇಕಾದ ಶಾಖ ಬಂತು. ಅಲ್ಲಿಯೇ ಬ್ಲೋವರ್ ತಗ್ಗಿಸಿ ಹಿಡಿದಿಡಿ.

ಈ ಕೆಲಸವನ್ನು ಬಿಸಿಲಿನಲ್ಲಿ ಮಾಡಬೇಡಿ. ಮಧ್ಯಾಹ್ನದ ಬೆಳಕಿನಲ್ಲಿ ಮಬ್ಬುಗೆಂಪಾಗಿ ಕಾಣುವ ಉಕ್ಕು ಕತ್ತಲಲ್ಲಿ ಕಿತ್ತಳೆಯಾಗಿರುತ್ತದೆ, ಮತ್ತು ಹೆಚ್ಚು ಕಾಯಿಸುವ ತಪ್ಪಿನ ಬಹುಪಾಲು ಹೀಗೆಯೇ ಆಗುತ್ತದೆ. ಮುಸ್ಸಂಜೆಯಲ್ಲಿ ನೋಡಿದರೆ ಇನ್ನೊಂದು ಲಾಭವೂ ಇದೆ. ಅಲಗು ರೂಪಾಂತರದ ಶಾಖ ತಲುಪಿದಾಗ ಉಕ್ಕು ಒಳಗಿನಿಂದಲೇ ಶಾಖವನ್ನು ಹೀರಿಕೊಳ್ಳುವುದರಿಂದ, ಬೆಳಗುತ್ತಿರುವ ಅಲಗಿನ ಮೇಲೆ ಮಸುಕಾದ ನೆರಳೊಂದು ಕಾಣಿಸಿಕೊಂಡು, ತೆಳುವಾದ ಬಾಯಿಯಿಂದ ದಪ್ಪವಾದ ಬೆನ್ನಿನತ್ತ ಸರಿದು ಮಾಯವಾಗುತ್ತದೆ. ನೆರಳು ಪೂರ್ತಿ ಕಳೆದ ಮೇಲೆ ಅಲಗು ಏಕಬಣ್ಣಕ್ಕೆ ಬರುತ್ತದೆ. ಈ ನೆರಳನ್ನು ಗುರುತಿಸಲು ಕಣ್ಣು ಒಮ್ಮೆ ಪಳಗಿದರೆ ಅಯಸ್ಕಾಂತವನ್ನು ಪದೇ ಪದೇ ಮುಟ್ಟಿಸುವ ಅಗತ್ಯ ಉಳಿಯುವುದಿಲ್ಲ.

ಹತ್ತು ನಿಮಿಷ ಹಿಡಿದಿಡುವುದು ನಿಜಕ್ಕೂ ಕಷ್ಟವೆನಿಸಿದರೆ ಒಂದು ಮಾತು. ಅಂಗಡಿಯಿಂದ ಬರುವ ಇಎನ್ 31ರಲ್ಲಿ ಸಾಮಾನ್ಯವಾಗಿ ಕಾರ್ಬೈಡ್ ದುಂಡನೆಯ ಕಣಗಳಾಗಿರುತ್ತದೆ. ಕ್ರೋಮಿಯಂ ಬೆರೆತ ಆ ಕಣಗಳು ನಿಧಾನವಾಗಿ ಕರಗುವುದರಿಂದ ಅದಕ್ಕೆ ಪೂರ್ತಿ ಸಮಯ ಕೊಡಲೇಬೇಕು. ಆದರೆ ನಾರ್ಮಲೈಸ್ ಮಾಡಿ ಗಾಳಿಯಲ್ಲಿ ಆರಿಸಿದ ಉಕ್ಕಿನಲ್ಲಿ ಕಾರ್ಬೈಡ್ ಬಹಳ ತೆಳುವಾದ ಪದರಗಳಾಗಿರುವುದರಿಂದ ನಾಲ್ಕೈದು ನಿಮಿಷದಲ್ಲೂ ಬೇಕಾದಷ್ಟು ಕರಗುತ್ತದೆ. ಉರಿಯ ಮೇಲೆ ಹಿಡಿತ ಕಡಿಮೆ ಇರುವವರು ಮೂರು ನಾರ್ಮಲೈಸಿಂಗ್ ಮುಗಿಸಿ, ಮೆದು ಮಾಡುವ ಹಂತವನ್ನು ಆದಷ್ಟು ಚಿಕ್ಕದಾಗಿಟ್ಟು, ನೇರವಾಗಿ ಗಡಸು ಮಾಡುವುದು ಹೆಚ್ಚು ಸುರಕ್ಷಿತ.

ಚಾಕುವನ್ನು ಅದ್ದುವ ಮುನ್ನ ಅದೇ ಉಕ್ಕಿನ, ಅದೇ ದಪ್ಪದ ಒಂದು ಬೆರಳುದ್ದದ ತುಂಡನ್ನು ಇದೇ ಕ್ರಮದಲ್ಲಿ ಕಾಯಿಸಿ ಅದ್ದಿ ಮುರಿಯಿರಿ. ಮುರಿದ ಮುಖ ನುಣುಪಾಗಿ, ಹೊಳಪಿಲ್ಲದ ಬೂದುಬಣ್ಣದ್ದಾಗಿದ್ದು ಹರಳುಗಳು ಬರಿಗಣ್ಣಿಗೆ ಕಾಣದಿದ್ದರೆ ನಿಮ್ಮ ಶಾಖ ಸರಿಯಾಗಿದೆ. ಮಿನುಗು ಕಂಡರೆ ಹೆಚ್ಚಾಗಿದೆ. ತುಂಡು ಮುರಿಯದೆ ಬಾಗಿದರೆ ಕಡಿಮೆಯಾಗಿದೆ. ಪುಸ್ತಕದ ಅಂಕಿಗಳೆಲ್ಲಕ್ಕಿಂತ, ನಿಮ್ಮ ಕುಲುಮೆಯ ಮಟ್ಟಿಗೆ, ಈ ಮುರಿದ ಚೂರು ಹೆಚ್ಚು ಸತ್ಯ ಹೇಳುತ್ತದೆ. ಪೀಣ್ಯದಂಥ ಕೈಗಾರಿಕಾ ಪ್ರದೇಶ ಹತ್ತಿರವಿದ್ದರೆ, ಹೀಟ್ ಟ್ರೀಟ್‌ಮೆಂಟ್ ಮಾಡುವವರ ಬಳಿ ಇಂಥದ್ದೇ ಒಂದು ತುಂಡಿನ ಗಡಸುತನ ಅಳೆಸಿಕೊಂಡು ಬರುವುದೂ ಒಳ್ಳೆಯ ಉಪಾಯ. ಸರಿಯಾಗಿ ಅದ್ದಿದ ತುಂಡು ಟೆಂಪರ್ ಮಾಡುವ (ಹದವಾಗಿ ಮತ್ತೆ ಕಾಯಿಸಿ ಪೆಡಸು ಕಳೆಯುವ) ಮುನ್ನ ರಾಕ್‌ವೆಲ್ ಸಿ 64ರ ಆಸುಪಾಸು ತೋರಿಸಬೇಕು.

ಅದ್ದಲು ಅಡುಗೆ ಎಣ್ಣೆ ಸಾಕು. ಎರಡೂವರೆ ಮೂರು ಮಿಲಿಮೀಟರ್ ದಪ್ಪದ ಅಲಗನ್ನು ರಿಫೈನ್ಡ್ ಕಡಲೆಕಾಯಿ ಎಣ್ಣೆಯಾಗಲಿ ಸೂರ್ಯಕಾಂತಿ ಎಣ್ಣೆಯಾಗಲಿ ತಿರುಳಿನವರೆಗೂ ಗಡಸು ಮಾಡುತ್ತದೆ. ನೀರು ಈ ಉಕ್ಕಿಗೆ ಅತಿ ವೇಗ. ಹೊರಗೆ ಗಡಸಾಗಿ ಹಿಗ್ಗುವ ಪದರ ಮತ್ತು ಒಳಗಿನ ತಿರುಳಿನ ನಡುವಿನ ಎಳೆದಾಟವನ್ನು ಉಕ್ಕು ತಾಳಿಕೊಳ್ಳಲಾರದು. ಹಳೆಯ ಎಂಜಿನ್ ಆಯಿಲ್‌ನ ವೇಗ ಹೇಗಿರುತ್ತದೋ ಹೇಳಲಾಗುವುದಿಲ್ಲ, ಮತ್ತು ಅದರ ಹೊಗೆ ಎದೆಗೆ ಒಳ್ಳೆಯದಲ್ಲ. ಎಣ್ಣೆಯನ್ನು 50ರಿಂದ 60 ಡಿಗ್ರಿಗೆ ಬೆಚ್ಚಗೆ ಮಾಡಿಕೊಳ್ಳಿ. ಬೆಚ್ಚಗಿನ ಎಣ್ಣೆ ನಿಧಾನವಾಗಿ ತಣಿಸುತ್ತದೆ ಎಂದು ಅನೇಕರು ಭಾವಿಸುತ್ತಾರೆ, ಆದರೆ ಅದು ತೆಳುವಾಗಿ ಸುಲಭವಾಗಿ ಹರಿಯುವುದರಿಂದ ತಣ್ಣನೆಯ ಮಂದ ಎಣ್ಣೆಗಿಂತ ವೇಗವಾಗಿಯೇ ತಣಿಸುತ್ತದೆ. ವೆಲ್ಡಿಂಗ್ ಬಲ್ಲ ನೀವು ಆರು ಇಂಚಿನ ಪೈಪಿಗೆ ಅಗಲವಾದ ತಳ ಬೆಸೆದು ಒಂದೂವರೆ ಅಡಿ ಎತ್ತರದ ಪಾತ್ರೆ ಮಾಡಿಕೊಂಡರೆ ಆರು ಲೀಟರ್ ಎಣ್ಣೆ ಹಿಡಿದೂ ಮೇಲೆ ಜಾಗ ಉಳಿಯುತ್ತದೆ. ಅದಕ್ಕೊಂದು ಕಬ್ಬಿಣದ ಮುಚ್ಚಳ ಕಡ್ಡಾಯ. ಎಣ್ಣೆ ಹೊತ್ತಿಕೊಂಡರೆ ಮುಚ್ಚಳ ಹಾಕಬೇಕೇ ಹೊರತು ನೀರು ಸುರಿಯಬಾರದು. ಚರ್ಮದ ಕೈಗವಸು, ಹತ್ತಿಯ ಬಟ್ಟೆ, ಮುಚ್ಚಿದ ಬೂಟು ಇಲ್ಲದೆ ಈ ಹಂತಕ್ಕೆ ಇಳಿಯಬೇಡಿ.

ಕುಲುಮೆಯಿಂದ ಎಣ್ಣೆಗೆ ಒಂದೆರಡು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು, ಆದ್ದರಿಂದ ಪಾತ್ರೆ ಕೈಯಳತೆಯಲ್ಲೇ ಇರಲಿ. ಮೊನೆಯನ್ನು ಕೆಳಗೆ ಮಾಡಿ ನೇರವಾಗಿ ಇಳಿಸಿ, ಇಡೀ ಅಲಗು ಮುಳುಗಿದ ನಂತರ ಮೇಲೆ ಕೆಳಗೆ, ಇಲ್ಲವೇ ತರಕಾರಿ ಹೆಚ್ಚುವ ದಿಕ್ಕಿನಲ್ಲಿ ಮುಂದಕ್ಕೆ ಹಿಂದಕ್ಕೆ ಆಡಿಸಿ. ಪಕ್ಕಕ್ಕೆ ಆಡಿಸಿದರೆ ಒಂದು ಮೈ ಬೇಗ ತಣಿದು ಅಲಗು ಸೊಟ್ಟಗಾಗುತ್ತದೆ. ಈ ಉಕ್ಕು ಗಡಸಾಗಲು ಆರಂಭಿಸುವುದು 200 ಡಿಗ್ರಿಯ ಆಸುಪಾಸಿನಲ್ಲಿ. ಹತ್ತು ಹನ್ನೆರಡು ಸೆಕೆಂಡಿನ ನಂತರ ಹೊರತೆಗೆದಾಗ ಎಣ್ಣೆ ಹೊಗೆಯಾಡುತ್ತಿದ್ದರೆ ಅಲಗು ಇನ್ನೂ ಬಾಗಬಲ್ಲದು. ಸೊಟ್ಟ ಕಂಡರೆ ಕೈಗವಸಿನ ಕೈಯಿಂದಲೇ ಆಗ ನೇರ ಮಾಡಬಹುದು. ಆ ಅವಕಾಶ ಕೆಲವೇ ಸೆಕೆಂಡು ಮಾತ್ರ. ಅಲಗು ಗಟ್ಟಿಯಾಗಿ ಎದುರೊತ್ತುತ್ತಿದೆ ಅನ್ನಿಸಿದ ಕೂಡಲೇ ಕೈಬಿಡಿ. ಆಮೇಲೆ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗುವವರೆಗೆ ಆರಲಿ. ಹಳೆಯ ಒಳ್ಳೆಯ ಅರವನ್ನು ಬಾಯಿಯ ಮೇಲೆ ಆಡಿಸಿದಾಗ ಗಾಜಿನ ಮೇಲೆ ಆಡಿಸಿದ ಸದ್ದು ಬಂದು ಅರ ಜಾರಬೇಕು. ಮೊದಲ ಒಂದೆರಡು ಎಳೆತದಲ್ಲಿ ಕಚ್ಚಿ ಆಮೇಲೆ ಜಾರಿದರೆ ಮೇಲಿನ ಇಂಗಾಲ ಹೋದ ಪದರವಷ್ಟೇ ಮೆತ್ತಗಿತ್ತು ಎಂದರ್ಥ, ಅದಕ್ಕೆ ಗಾಬರಿಯಾಗಬೇಕಿಲ್ಲ.

ಈ ಸ್ಥಿತಿಯ ಚಾಕು ನೆಲಕ್ಕೆ ಬಿದ್ದರೂ ಮುರಿಯುತ್ತದೆ. ಅದನ್ನು ನಾಳೆಗೆ ಬಿಡದೆ ಒಂದು ಗಂಟೆಯ ಒಳಗೆ ಟೆಂಪರಿಂಗ್‌ಗೆ ಇಡಬೇಕು. ಇಲ್ಲಿ ನಿಮ್ಮ ಗ್ಯಾಸ್ ಒಲೆಯ ಪದ್ಧತಿಯನ್ನು ಪೂರ್ತಿ ಕೈಬಿಡಿ. ಬಣ್ಣ ಏರುವುದು ಶಾಖದಷ್ಟೇ ಸಮಯವನ್ನೂ ಅವಲಂಬಿಸಿದೆ. ಜ್ವಾಲೆಯ ಮೇಲೆ ಕ್ಷಣಮಾತ್ರದಲ್ಲಿ ಓಡುವ ನೀಲಿ ಅಲಗಿನ ಮೇಲ್ಮೈಯ ಸುದ್ದಿ ಹೇಳುತ್ತದೆಯೇ ಹೊರತು ಒಳಗೆ ಏನಾಯಿತೆಂದು ಹೇಳುವುದಿಲ್ಲ. ಅಷ್ಟೇ ಅಲ್ಲ, ನೀಲಿ ಬಣ್ಣ ಬರುವ 300 ಡಿಗ್ರಿಯ ಆಸುಪಾಸು ಈ ಉಕ್ಕು ಗಡಸುತನವನ್ನೂ ಕಳೆದುಕೊಂಡು ಪೆಡಸೂ ಆಗುವ ವಲಯ. ಸುಮಾರು 250ರಿಂದ 370 ಡಿಗ್ರಿವರೆಗಿನ ಆ ವಲಯದಿಂದ ದೂರವಿರಬೇಕು. ನಿಮ್ಮ ಎರಡನೆಯ ಚಾಕು ಉದುರುತ್ತಿರುವುದಕ್ಕೆ ದೊಡ್ಡ ಹರಳಿನ ಜೊತೆ ಇದೂ ಸೇರಿದೆ.

ಓಟಿಜಿಯ ಗುಂಡಿ ತೋರಿಸುವ ಅಂಕಿಯನ್ನು ನಂಬಬೇಡಿ. ಒಳಗಿನ ಶಾಖ ಅದರಿಂದ ಇಪ್ಪತ್ತು ಮೂವತ್ತು ಡಿಗ್ರಿ ಅತ್ತಿತ್ತ ಓಲಾಡುವುದು ಸಾಮಾನ್ಯ. ಕೆಂಪಗೆ ಕಾಯುವ ಸರಳುಗಳು ಎದುರಿಗೇ ಇರುವುದರಿಂದ ತೆಳು ಬಾಯಿ ಮಿಕ್ಕ ಭಾಗಕ್ಕಿಂತ ಹೆಚ್ಚು ಕಾಯುತ್ತದೆ. ಕಡಲೆಕಾಯಿ ಹುರಿಯುವವರು ಬಳಸುವಂಥ ಒಣ ಮರಳನ್ನು ಟ್ರೇಯಲ್ಲಿ ತುಂಬಿ, ಅರ್ಧ ಗಂಟೆ ಮೊದಲೇ ಕಾಯಿಸಿ, ಸೋಪಿನಿಂದ ಎಣ್ಣೆ ತೊಳೆದ ಅಲಗನ್ನು ಮರಳಿನಲ್ಲಿ ಹೂತಿಟ್ಟರೆ ಎರಡೂ ತೊಂದರೆ ನೀಗುತ್ತವೆ. ಥರ್ಮೋಕಪಲ್‌ನ ತುದಿಯನ್ನೂ ಮರಳಿನಲ್ಲೇ, ಅಲಗಿನ ಪಕ್ಕ ಇಡಿ. ಓಟಿಜಿಗೆ ಒಂದು ಥರ್ಮಾಮೀಟರನ್ನಾದರೂ ಕೊಳ್ಳದೆ ಈ ಹಂತವನ್ನು ಮಾಡಬೇಡಿ ಎಂಬುದು ನನ್ನ ಸಲಹೆ. ಕುಲುಮೆಯಲ್ಲಿ ಕಣ್ಣಿಗೆ ಸ್ವಲ್ಪ ನೆರವು ಸಿಗುತ್ತದೆ, ಇಲ್ಲಿ ಏನೂ ಸಿಗುವುದಿಲ್ಲ. 175 ಡಿಗ್ರಿಯಲ್ಲಿ ಟೆಂಪರ್ ಮಾಡಿದರೆ ಗಡಸುತನ ಸುಮಾರು 62 ಉಳಿಯುತ್ತದೆ, 200ರಲ್ಲಿ 60ರಿಂದ 61, 230ರಲ್ಲಿ 58ರ ಆಸುಪಾಸು. ತರಕಾರಿ, ಮೀನು ಹೆಚ್ಚುವ ಚಾಕುವಿಗೆ 200 ಡಿಗ್ರಿ ಒಳ್ಳೆಯ ಆರಂಭ. ಎರಡು ಗಂಟೆ ಇಟ್ಟು, ಹೊರತೆಗೆದು ಪೂರ್ತಿ ತಣ್ಣಗಾಗಲು ಬಿಟ್ಟು, ಮತ್ತೆ ಎರಡು ಗಂಟೆ ಇಡಿ. ತೆಂಗಿನಕಾಯಿ ಒಡೆಯುವ, ಮೂಳೆ ಕಡಿಯುವ ಮಚ್ಚಿಗೆ ಈ ಉಕ್ಕನ್ನು ನಾನು ಆರಿಸುವುದೇ ಇಲ್ಲ. ಅಲ್ಲಿ ಬೇಕಾಗಿರುವುದು ಪೆಟ್ಟು ತಾಳುವ ಶಕ್ತಿ, ಅದಕ್ಕೆ ಲಾರಿಯ ಪಟ್ಟಿಯೇ ವಾಸಿ.

ಟೆಂಪರ್ ಆದ ಮೇಲೆ ಬಾಯಿ ತೆಳು ಮಾಡುವಾಗ ಕೈಗವಸು ಹಾಕದೆ, ಅಲಗು ಬೆರಳಿಗೆ ಬಿಸಿ ತಾಗಿದ ಕೂಡಲೇ ನೀರಿಗೆ ಅದ್ದುತ್ತ ಉಜ್ಜಬೇಕು. ಗ್ರೈಂಡರಿನಲ್ಲಿ ಬಾಯಿ ಒಮ್ಮೆ ನೀಲಿಯಾದರೆ ಅಷ್ಟು ಭಾಗದ ಹದ ಹೋಯಿತು. ಆ ಭಾಗವನ್ನು ಉಜ್ಜಿ ತೆಗೆಯುವುದೊಂದೇ ದಾರಿ. ಸಾಣೆ ಹಿಡಿದಾದ ಮೇಲೆ ಪೆನ್ಸಿಲ್ ದಪ್ಪದ ಒಂದು ಹಿತ್ತಾಳೆ ಕಡ್ಡಿಯನ್ನು ವೈಸ್‌ಗೆ ಅಡ್ಡಲಾಗಿ ಕಚ್ಚಿಸಿ, ಚಾಕುವಿನ ಬಾಯಿಯನ್ನು ಸಾಣೆಯ ಕೋನದಲ್ಲೇ ಅದರ ಮೇಲೆ ಒತ್ತಿ ಎಳೆಯಿರಿ. ಬೆಳಕಿಗೆ ಹಿಡಿದು ನೋಡಿದರೆ ಕಡ್ಡಿ ಒತ್ತಿದ ಕಡೆ ಬಾಯಿ ಸಣ್ಣದಾಗಿ ಉಬ್ಬಿ, ಕಡ್ಡಿ ಮುಂದೆ ಸರಿದಂತೆ ಮತ್ತೆ ನೇರವಾಗುವುದು ಕಾಣಬೇಕು. ಅಲ್ಲಿ ಬಾಯಿ ಉದುರಿದರೆ, ಮುರಿದ ತುಂಡಿನ ಪರೀಕ್ಷೆಯಲ್ಲಿ ಹರಳು ನುಣುಪಾಗಿ ಕಂಡಿದ್ದ ಪಕ್ಷದಲ್ಲಿ, 15 ಡಿಗ್ರಿ ಹೆಚ್ಚಿಸಿ ಮತ್ತೆ ಎರಡು ಗಂಟೆ ಟೆಂಪರ್ ಮಾಡಿ, ಹೊಸ ಬಾಯಿ ಕಟ್ಟಿ, ಪುನಃ ಕಡ್ಡಿಯ ಮೇಲೆ ಎಳೆಯಿರಿ. ಬಾಯಿ ಬಾಗಿ ಹಾಗೆಯೇ ಉಳಿದರೆ ಮೊದಲು ಸ್ವಲ್ಪ ಉಜ್ಜಿ ಒಳಗಿನ ಉಕ್ಕಿನವರೆಗೆ ಹೋಗಿ ನೋಡಿ, ಇಂಗಾಲ ಹೋದ ಪದರ ಉಳಿದಿರುವ ಸಾಧ್ಯತೆ ಇದೆ. ಆಗಲೂ ಬಾಗಿಯೇ ಉಳಿದರೆ ಟೆಂಪರಿಂಗ್‌ನಿಂದ ಅದನ್ನು ಮತ್ತೆ ಗಡಸು ಮಾಡಲು ಬರುವುದಿಲ್ಲ. ನಾರ್ಮಲೈಸಿಂಗ್‌ನಿಂದ ತೊಡಗಿ ಇಡೀ ಕ್ರಮವನ್ನು ಹೊಸದಾಗಿ ಮಾಡಬೇಕಾಗುತ್ತದೆ.